ಬಾಣಂತಿ ಕೋಣೆಯ ಬಾಗಿಲು

ಆ ದಿನವೂ ಬ್ರೆಡ್ ಏಳಲಿಲ್ಲ.

ಭಟ್ಟಿಯಿಂದ ತೆಗೆದ ಅಚ್ಚುಗಳನ್ನು ಮೇಜಿನ ಮೇಲೆ ಬೋರಲು ಹಾಕಿದರೆ ದೊಪ್, ದೊಪ್ ಎಂದು ಬಿದ್ದವು. ನೆಟ್ಟಗೆ ಉಬ್ಬಿದ ಬ್ರೆಡ್ಡಿಗೆ ಬೀಳುವ ಸದ್ದೇ ಇರುವುದಿಲ್ಲ. ಬೇಕರಿಯವರಿಗೆ ಕಿವಿ ಸಾಕು, ಕಣ್ಣು ಬೇಕಿಲ್ಲ. ಒಡತಿ ಗಲ್ಲಾದ ಹಿಂದೆ ಕೂತಲ್ಲೇ ಮುಖ ಹಿಂಡಿದರು. ನೋವು ಹಿಡಿದ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ಒಳಗೆ ಬಂದು, ಒಂದು ಬ್ರೆಡ್ಡನ್ನು ತಟ್ಟಿ ನೋಡಿದರು.

"ಇದನ್ನ ಮಾರೋದಕ್ಕಿಂತ ಕಾಂಪೌಂಡ್ ಕಟ್ಟಿಸಬಹುದು," ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಏನು ಮಾಡೋದು, ಕೈಗುಣ," ಎಂದರು.

ಮಾತು ಯಾರಿಗೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಒಡತಿಯ ಮಗಳು ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಹಿಟ್ಟು ಹೋಗಿ ಎಷ್ಟೋ ಹೊತ್ತಾಗಿತ್ತು, ಆದರೂ ತೊಳೆಯುತ್ತಲೇ ಇದ್ದಳು.

ಅದನ್ನು ನೋಡಲಾರದೆ ಟೀಚರ್ ಹೋಗಿ ನಲ್ಲಿ ನಿಲ್ಲಿಸಿದಳು. ಟೀಚರ್ ಎಂದರೆ ಈ ಮನೆಯ ಸೊಸೆ, ಕೈ ತೊಳೆಯುತ್ತಿದ್ದವಳ ಅತ್ತಿಗೆ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಕೂತಲ್ಲಿ ಕೂರುವ ಪೈಕಿ ಅಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಬಸ್ಸಿಗೆ ಕಾಯುವಾಗ ನಾಲ್ಕು ಸಲ ರಸ್ತೆಗಿಳಿದು ಇಣುಕದಿದ್ದರೆ ಬಸ್ಸೇ ಬರುವುದಿಲ್ಲ ಎಂದು ನಂಬಿದವಳು. ಶಾಲೆಗೆ ಚಳಿಗಾಲದ ರಜೆ ಬಿಟ್ಟಿತ್ತು. ರಜೆ ಅಂದರೆ ಅವಳಿಗೆ ಮನೆಯೆಲ್ಲ ಮುಳ್ಳು. ಬೆಳಗಾದರೆ ಮನೆಗೆ ಅಂಟಿಕೊಂಡೇ ಇದ್ದ ಬೇಕರಿಗೆ ಬಂದು ಸುತ್ತುತ್ತಿದ್ದಳು.

ನಾದಿನಿ ಗಂಡನ ಮನೆ ಬಿಟ್ಟು ಬಂದಿದ್ದು ಚಳಿ ಶುರುವಾಗುವ ಮುಂಚೆ, ಒಂದೇ ಒಂದು ಬ್ಯಾಗು ಹಿಡಿದುಕೊಂಡು. ಅಲ್ಲಿ ಯಾರೂ ಹೊಡೆದಿರಲಿಲ್ಲ, ಬಡಿದಿರಲಿಲ್ಲ. ಮಾತಿನಲ್ಲೇ ಮುಗಿಸಿದ್ದರು. ಹಾಲು ಒಡೆದರೆ ಇವಳು ಮುಟ್ಟಿದ್ದಕ್ಕೆ, ಗಂಡನ ವ್ಯಾಪಾರ ಕುಸಿದರೆ ಇವಳ ಕಾಲ್ಗುಣಕ್ಕೆ. ಹಾಗೆ ಕೇಳೀ ಕೇಳೀ ಹುಡುಗಿ ಒಂದು ಲೋಟ ಎತ್ತುವುದಕ್ಕೂ ಹೆದರುವಂತಾಗಿದ್ದಳು. ಇಲ್ಲಿ ಒಡತಿಯ ಭುಜ ಕೈಕೊಟ್ಟಾಗ ಹಿಟ್ಟು ನಾದುವ ಕೆಲಸವನ್ನು ಮಗಳಿಗೇ ಒಪ್ಪಿಸಿದ್ದರು. ಇನ್ನು ಮೇಲೆ ಇದು ನಿಂದು ಎಂದಿದ್ದರು. ಅವತ್ತು ಅವಳು ಏಪ್ರನ್ ಕಟ್ಟಿಕೊಂಡು ಕನ್ನಡಿ ನೋಡಿಕೊಂಡಿದ್ದನ್ನು ಟೀಚರ್ ಬಾಗಿಲ ಸಂದಿಯಿಂದ ಕಂಡಿದ್ದಳು. ಅದೇ ವಾರದಿಂದ ಬ್ರೆಡ್ ಕೂತುಬಿಟ್ಟಿತು. ಅಲ್ಲಿ ಕಾಲ್ಗುಣ, ಇಲ್ಲಿ ಹೆತ್ತ ತಾಯಿಯ ಬಾಯಲ್ಲೇ ಕೈಗುಣ. ಪಾಪ, ಹೋಗುವುದಾದರೂ ಎಲ್ಲಿಗೆ?

"ಕೈಗುಣ ಅನ್ನೋದೆಲ್ಲ ಮೂಢನಂಬಿಕೆ ಅತ್ತೆ," ಎಂದಳು ಟೀಚರ್. "ಪ್ರತಿಯೊಂದಕ್ಕೂ ಕಾರಣ ಇರುತ್ತೆ."

"ಇರಲಿ ಟೀಚರಮ್ಮ, ನೀವೇ ಕಂಡುಹಿಡೀರಿ," ಎಂದರು ಅತ್ತೆ. ಅವರು ಸೊಸೆಗೆ ಬಹುವಚನ ಹಚ್ಚಿದರೆ ಸಿಟ್ಟು ಬಂದಿದೆ ಎಂದೇ ಲೆಕ್ಕ.

ಹೊರಗೆ ಇಷ್ಟು ಗಟ್ಟಿಯಾಗಿ ಹೇಳಿದ ಟೀಚರ್ ಒಳಗೆ ಏನೆಂದುಕೊಂಡಿದ್ದಳು ಗೊತ್ತೇ? ಈ ಹುಡುಗಿಗೆ ನಾದುವುದು ಬರುವುದಿಲ್ಲ, ಗಮನ ಸಾಲದು, ಅಂಗೈ ತಣ್ಣಗೆ. ಎಲ್ಲ ಕೈಗುಣದ ಮಾತೇ. ಅದಕ್ಕೆ ಅತ್ತೆ ಹಳೇ ಸೀರೆ ಉಡಿಸಿದರು, ಇವಳು ಲ್ಯಾಬಿನ ಕೋಟು ತೊಡಿಸಿದಳು, ಅಷ್ಟೇ ವ್ಯತ್ಯಾಸ.

ಮಾರನೆಯ ದಿನ ಬೆಳಗ್ಗೆಯೇ ಪೇಟೆಗೆ ಓಡಿ ಹೊಸ ಈಸ್ಟ್ ತಂದಳು. ಬೇರೆ ಗಿರಣಿಯ ಹಿಟ್ಟು ತರಿಸಿದಳು. ನೀರು ಇನ್ನೂ ಸ್ವಲ್ಪ ಬೆಚ್ಚಗಿರಲಿ, ಉಪ್ಪು ಕೊನೆಗೆ ಹಾಕು, ಸಕ್ಕರೆ ಒಂದು ಚಮಚ ಜಾಸ್ತಿ ಇರಲಿ, ಇನ್ನಷ್ಟು ಹೊತ್ತು ನಾದು ಎಂದು ನಾದಿನಿಯ ತಲೆ ತಿಂದಳು. ಆಮೇಲೆ ಥರ್ಮಾಮೀಟರ್ ಬೇಕೆನಿಸಿ ಶಾಲೆಯ ಲ್ಯಾಬಿಗೆ ಹೋದಳು. ಬೀಗದ ಕೈ ಇಟ್ಟುಕೊಂಡವನು ಸಿಗದೆ ಊರೆಲ್ಲ ಅಲೆದು, ಕೊನೆಗೆ ಥರ್ಮಾಮೀಟರ್ ಹಿಡಿದು ತಿರುಗಿ ಬರುವ ಹೊತ್ತಿಗೆ ಬ್ರೆಡ್ ಹೊರಗೆ ಬಂದಿತ್ತು. ಬಂಗಾರದ ಬಣ್ಣ, ಎತ್ತಿದರೆ ಹಗುರ.

"ನೋಡಿದ್ರಾ?" ಎಂದಳು ಟೀಚರ್, ಏದುಸಿರು ಬಿಡುತ್ತಲೇ.

ವ್ಯಾನಿಗೆ ಟ್ರೇ ತುಂಬುತ್ತಿದ್ದ ಅವಳ ಗಂಡ ಒಂದು ಬ್ರೆಡ್ಡನ್ನು ಹಿಸುಕಿ ನೋಡಿದ. "ಚೆನ್ನಾಗಿದೆ. ಯಾವುದರಿಂದ ಸರಿ ಹೋಯ್ತು? ಈಸ್ಟಿಂದಾನಾ, ಹಿಟ್ಟಿಂದಾನಾ?"

ಟೀಚರ್ ಬೆರಳು ಮಡಿಚಿ ಎಣಿಸತೊಡಗಿದಳು, ಈಸ್ಟ್, ಹಿಟ್ಟು, ನೀರು, ಉಪ್ಪು, ಸಕ್ಕರೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ದಳು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಉಳಿದದ್ದೆಲ್ಲ ಇದ್ದಂತೆಯೇ ಇರಬೇಕು ಎಂದು ವರ್ಷ ವರ್ಷವೂ ಮಕ್ಕಳಿಗೆ ಬರೆಸುವವಳು ಇವಳೇ. ನೋಡು, ಕೇಳು, ಊಹಿಸು, ಪರೀಕ್ಷಿಸು, ತೀರ್ಮಾನಿಸು ಎಂದು ಮಗ್ಗಿಯಂತೆ ಹಾಡಿಸುತ್ತಿದ್ದಳು. ಹಾಡಿಸಿದ್ದೇ ಬಂತು. ಬದುಕಿನಲ್ಲಿ ಒಂದೇ ಒಂದು ಪ್ರಯೋಗವನ್ನು ಉತ್ತರ ಗೊತ್ತಿಲ್ಲದೆ ಮಾಡಿರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅದರ ಮಾರನೆಯ ದಿನ ಅದೇ ಈಸ್ಟ್, ಅದೇ ಹಿಟ್ಟು, ಅದೇ ನೀರು, ಉಪ್ಪು, ಸಕ್ಕರೆ. ಬ್ರೆಡ್ ಮತ್ತೆ ಇಟ್ಟಿಗೆ.

ಆ ಮಧ್ಯಾಹ್ನ ನಾದಿನಿ ಅಡುಗೆಮನೆಯಲ್ಲಿ ಅತ್ತಿಗೆಯ ಹತ್ತಿರ ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ, "ಅತ್ತಿಗೆ, ಭಾನುವಾರದ ಬಸ್ಸಿಗೆ ನಾನು ಹೋಗ್ತೀನಿ," ಎಂದಳು.

"ಎಲ್ಲಿಗೆ?"

"ಅಲ್ಲಿಗೇ. ಬಂದರೆ ಬಾ ಅಂದಿದ್ದಾರೆ. ಅಮ್ಮ ಕಟ್ಟಿದ ಬೇಕರಿ ನನ್ನಿಂದ ಮುಚ್ಚೋದು ಬೇಡ. ಅವರೆಲ್ಲ ಹೇಳ್ತಿದ್ದದ್ದು ಸುಳ್ಳು ಅಂತ ನಾನು ಜಗಳ ಆಡ್ಕೊಂಡು ಬಂದೆ. ಸುಳ್ಳಲ್ಲ ಅನ್ಸುತ್ತೆ ಅತ್ತಿಗೆ."

ಅಳಲಿಲ್ಲ. ಅತ್ತಿದ್ದರೆ ಟೀಚರ್ ಸಮಾಧಾನ ಮಾಡುತ್ತಿದ್ದಳು. ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿಬಿಟ್ಟಳು, ಅದಕ್ಕೇ ಟೀಚರಿಗೆ ಭಯವಾಯಿತು.

"ಭಾನುವಾರದ ತನಕ ನನಗೆ ಬಿಡು," ಎಂದಳು. "ಅಲ್ಲೀವರೆಗೂ ಬ್ಯಾಗಿಗೆ ಕೈ ಹಚ್ಚಬೇಡ."

ಗುರುವಾರ ಅವಳು ಮೊದಲ ಬಾರಿಗೆ ಒಂದೇ ಪ್ರಶ್ನೆ ಇಟ್ಟುಕೊಂಡಳು. ತಪ್ಪು ಕೈಯದ್ದೋ, ಅಲ್ಲವೋ? ಒಂದೇ ಹಿಟ್ಟನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ನಾದಿನಿಗೆ ಕೊಟ್ಟಳು, ಇನ್ನೊಂದನ್ನು ತಾನು ನಾದಿದಳು. ಅಚ್ಚುಗಳ ತಳಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಲ್ಲವನ್ನೂ ಒಟ್ಟಿಗೆ ಬಾಣಂತಿ ಕೋಣೆಗೆ ಸೇರಿಸಿದಳು.

ಬಾಣಂತಿ ಕೋಣೆ ಎಂದರೆ ಕೋಣೆಯಲ್ಲ, ಆಳೆತ್ತರದ ಮರದ ಕಪಾಟು. ಅಚ್ಚಿಗೆ ಹಾಕಿದ ಹಿಟ್ಟು ಭಟ್ಟಿಗೆ ಹೋಗುವ ಮೊದಲು ಅದರೊಳಗೆ ಕೂತು ಉಬ್ಬಬೇಕು. ಕೆಳಗಿನ ಅರೆಯಲ್ಲಿ ಕುದಿಯುವ ನೀರಿನ ಪಾತ್ರೆ, ಮೇಲಿನ ಅರೆಗಳಲ್ಲಿ ಅಚ್ಚುಗಳು. ಒಳಗೆ ಸದಾ ಬಿಸಿ, ಹಬೆ, ಕತ್ತಲು. ಹಾಗಾಗಿ ಮಾವನವರು ಇದ್ದಾಗಲೇ ತಮಾಷೆಗೆ ಇಟ್ಟ ಹೆಸರು ಅದು. ಎಷ್ಟು ಹೊತ್ತು ಇಡಬೇಕೆಂಬುದಕ್ಕೆ ಭಟ್ಟಿಯೇ ಗಡಿಯಾರ. ಸೌದೆಯ ಭಟ್ಟಿ ಹದಕ್ಕೆ ಬಂದರೆ ಮುಗಿಯಿತು, ಹಿಟ್ಟು ಉಬ್ಬಿರಲಿ ಬಿಡಲಿ, ಒಳಗೆ ಹೋಗಲೇಬೇಕು. ಕಾಯುತ್ತಾ ಕೂತರೆ ಭಟ್ಟಿ ಆರಿಹೋಗುತ್ತದೆ.

ಟೀಚರಿಗೆ ಕಾಯುವುದು ಎಲ್ಲಿ ಬರಬೇಕು? ಕಪಾಟಿನ ಮುಂದೆ ಅತ್ತಿಂದಿತ್ತ ನಡೆದಳು. ಬಾಗಿಲು ತೆಗೆದು ಇಣುಕಿದಳು. ಕನ್ನಡಕದ ಮೇಲೆ ಹಬೆ ಕವಿಯಿತು, ನಾದಿನಿ ಬಟ್ಟೆ ಕೊಟ್ಟಳು, ಒರೆಸಿಕೊಂಡಳು. ಥರ್ಮಾಮೀಟರ್ ನೋಡಿದಳು, ಮುಚ್ಚಿದಳು. ಎರಡು ಸುತ್ತು ಹಾಕಿ ಮತ್ತೆ ತೆಗೆದಳು. ಯಾರ ಹಿಟ್ಟು ಮುಂದಿದೆ? ಬೆರಳಲ್ಲಿ ಒತ್ತಿ ನೋಡಿದಳು. ಥರ್ಮಾಮೀಟರ್ ಇಳಿದಿತ್ತು.

"ನೀರು ಸರಿಯಾಗಿ ಕುದಿಸಿಲ್ಲ ನೀನು," ಎಂದಳು.

"ಕುದಿಸಿದೆ ಅತ್ತಿಗೆ."

"ಮತ್ತೆ ಇದ್ಯಾಕೆ ಇಳೀತಾ ಇದೆ? ಥರ್ಮಾಮೀಟರ್ ಸುಳ್ಳು ಹೇಳುತ್ತಾ?"

ನಾದಿನಿ ಮತ್ತೊಂದು ಪಾತ್ರೆ ನೀರು ಕಾಯಿಸಲು ಹೋದಳು. ಟೀಚರ್ ಮತ್ತೆ ಬಾಗಿಲು ತೆಗೆದಳು.

ಭಟ್ಟಿಯಿಂದ ಬಂದ ಬ್ರೆಡ್ಡುಗಳನ್ನು ಬೋರಲು ಹಾಕಿದರೆ ಎಲ್ಲವೂ ದೊಪ್ ಎಂದವು. ಗುರುತು ನೋಡುವ ಅಗತ್ಯವೇ ಇರಲಿಲ್ಲ. ಟೀಚರಿನದೂ ಇಟ್ಟಿಗೆ, ನಾದಿನಿಯದೂ ಇಟ್ಟಿಗೆ.

"ಸಂತೋಷ. ಮನೆಗಿಬ್ಬರು," ಎಂದು ಅತ್ತೆ ಗಲ್ಲಾದತ್ತ ಹೋದರು.

ಟೀಚರಿಗೆ ಮಾತ್ರ ನಿಜವಾಗಿಯೂ ಖುಷಿಯಾಗಿತ್ತು. "ನೋಡೇ, ಕೈಯದ್ದಲ್ಲ. ಬೇರೆ ಬೇರೆ ಕೈ, ಒಂದೇ ಫಲಿತಾಂಶ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ."

ನಾದಿನಿ ಎರಡು ಬ್ರೆಡ್ಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದಳು. "ನನ್ನ ಹಿಟ್ಟಿನ ಪಕ್ಕದಲ್ಲೇ ಇತ್ತಲ್ಲ ಅತ್ತಿಗೆ ನಿಮ್ಮದು," ಎಂದಳು ಮೆಲ್ಲಗೆ. "ಅದಕ್ಕೇ ಅದೂ ಕೆಟ್ಟಿತು."

ಒಬ್ಬರ ತಲೆಯಲ್ಲಿ ಇಂಥ ಮುಳ್ಳು ನೆಟ್ಟ ಮೇಲೆ, ಏನು ಕಂಡರೂ ಅದು ಆ ಮುಳ್ಳಿಗೇ ನೀರೆರೆಯುತ್ತದೆ. ಟೀಚರಿಗೆ ಆ ಕ್ಷಣ ನಾದಿನಿಯ ಗಂಡನ ಮನೆಯವರ ಮೇಲೆ ಕೆಟ್ಟ ಸಿಟ್ಟು ಬಂತು, ಕೈಗೆ ಸಿಕ್ಕಿದ್ದರೆ ಅದೇ ಬ್ರೆಡ್ಡಿನಿಂದ ಹೊಡೆಯುತ್ತಿದ್ದಳು.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವಳೊಬ್ಬಳೇ ಬೇಕರಿಯಲ್ಲಿ ಉಳಿದಳು. ನೀರಿನದ್ದೇ ತಪ್ಪು ಎಂಬ ಹೊಸ ಊಹೆ ತಲೆಯಲ್ಲಿ ಕುಣಿಯುತ್ತಿತ್ತು. ತಾನೇ ಕಳಕಳ ಕುದಿಸಿ, ಖಾಲಿ ಕಪಾಟಿನಲ್ಲಿ ಪಾತ್ರೆ ಇಟ್ಟು, ಥರ್ಮಾಮೀಟರ್ ನೇತುಹಾಕಿದಳು. ಸ್ವಲ್ಪ ಹೊತ್ತಿಗೆ ತೆಗೆದು ನೋಡಿದಳು, ಕನ್ನಡಕ ಒರೆಸಿಕೊಂಡಳು. ಮತ್ತೆ ತೆಗೆದಳು. ಇಳಿದಿತ್ತು. ಈಗ ಬೈಯಲು ನಾದಿನಿಯೂ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಗಂಡ ಕೂಗಿದ. ಹಿಟ್ಟಿನ ಮೂಟೆ ಬಂದಿದೆ, ಲಾರಿಯವನಿಗೆ ಅವಸರ, ಒಂದು ಕೈ ಕೊಡು. ಮೂಟೆ ಇಳಿಸಿ, ಉಗ್ರಾಣದಲ್ಲಿ ಜೋಡಿಸಿ, ಹರಿದ ಮೂಟೆಯೊಂದರ ಬಗ್ಗೆ ಲಾರಿಯವನೊಂದಿಗೆ ಜಗಳವಾಡಿ, ಗೆದ್ದು, ಆ ಖುಷಿಗೆ ಚಹಾ ಕುಡಿದಳು. ಕಪಾಟಿನ ನೆನಪಾಗಿ ಓಡಿ ಬಂದು ಬಾಗಿಲು ತೆಗೆದರೆ ಬೆಚ್ಚನೆ ಗಾಳಿ ಮುಖಕ್ಕೆ ರಾಚಿತು. ಕನ್ನಡಕ ಪೂರ್ತಿ ಮಂಜಾಯಿತು. ಒರೆಸಿಕೊಂಡು ನೋಡಿದಳು. ಥರ್ಮಾಮೀಟರ್ ಅವಳು ಈವರೆಗೆ ಕಂಡಿರದಷ್ಟು ಮೇಲಕ್ಕೇರಿತ್ತು.

ನೀರು ಅದೇ. ಪಾತ್ರೆ ಅದೇ. ಹೊತ್ತು ಕಳೆದಂತೆ ಇನ್ನೂ ಆರಬೇಕಿತ್ತು, ಏರಿದೆ.

ಅವಳು ಬಟ್ಟೆ ಹಿಡಿದು ಹಾಗೇ ನಿಂತಳು. ಕನ್ನಡಕದ ಮೇಲೆ ಕೂತ ಈ ಹಬೆ ಎಲ್ಲಿಂದ ಬಂತು? ಹಿಟ್ಟಿಗೆ ಸೇರಬೇಕಾದದ್ದು. ಪ್ರತಿ ಸಲ ಬಾಗಿಲು ತೆಗೆದು, ಹಿಟ್ಟಿನ ಬಿಸಿಯನ್ನು ಕನ್ನಡಕಕ್ಕೆ ಬಳಿದುಕೊಂಡು, ಒರೆಸಿಕೊಂಡು ಬಂದಿದ್ದಾಳೆ. ತಾನು ನೋಡಿದಾಗಲೆಲ್ಲ ಇಳಿಯಿತು, ತಾನು ಮೂಟೆ ಹೊರುತ್ತಿದ್ದಾಗ ಏರಿತು. ಬ್ರೆಡ್ ಬಂಗಾರದಂತೆ ಬಂದ ದಿನ ತಾನೆಲ್ಲಿದ್ದೆ? ಬೀಗದ ಕೈ ಹುಡುಕುತ್ತಾ ಊರಲ್ಲಿ. ಅತ್ತೆ ನಾದುತ್ತಿದ್ದಾಗ ತಾನೆಲ್ಲಿದ್ದೆ? ಶಾಲೆಯಲ್ಲಿ. ನಾದಿನಿ ಏಪ್ರನ್ ಕಟ್ಟಿಕೊಂಡ ವಾರವೇ ಶಾಲೆಗೆ ರಜೆ ಬಿಟ್ಟಿತ್ತು. ಹೊಸಬಳು, ಸ್ವಲ್ಪ ನೋಡಿಕೊಳ್ಳೋಣ ಎಂದು ತಾನೂ ಅದೇ ವಾರ ಬಂದು ಇಣುಕಲು ಶುರು ಮಾಡಿದ್ದಳು. ಕೊಂಬೆ ಮುರಿದಾಗ ಮೇಲೆ ಕೂತಿದ್ದ ಕಾಗೆಯನ್ನು ಎಲ್ಲರೂ ಬೈದರು. ಕೊಂಬೆಗೆ ಜೋತುಬಿದ್ದವಳನ್ನು ಯಾರೂ ನೋಡಲಿಲ್ಲ, ಅವಳೂ ಸೇರಿ.

ಟೀಚರ್ ಹಿಟ್ಟಿನ ಮೂಟೆಯ ಮೇಲೆ ಕೂತಳು. ಬಹಳ ನಾಚಿಕೆಯಾಯಿತು. ಯಾರಿಗೂ ಹೇಳದೆ ನಾಳೆಯಿಂದ ಬೇಕರಿಗೆ ಬರುವುದನ್ನೇ ನಿಲ್ಲಿಸಿದರೆ ಬ್ರೆಡ್ ತಾನಾಗಿ ಸರಿಹೋಗುತ್ತದೆ, ಮರ್ಯಾದೆಯೂ ಉಳಿಯುತ್ತದೆ ಎಂಬ ಯೋಚನೆ ಬಂದೇ ಬಂತು. ಬಾರದೆ ಇರುತ್ತದೆಯೇ? ಆದರೆ ಆಗ ಆ ಹುಡುಗಿ ಏನೆಂದುಕೊಳ್ಳುತ್ತಾಳೆ? ನಾಲ್ಕು ದಿನ ಅದೃಷ್ಟ ಎಂದುಕೊಳ್ಳುತ್ತಾಳೆ. ಮುಂದೆಂದೋ ಒಂದು ಬ್ರೆಡ್ ಸೀದರೆ ಸಾಕು, ಮತ್ತೆ ಬ್ಯಾಗು ತೆಗೆಯುತ್ತಾಳೆ.

ಶುಕ್ರವಾರ ಬೆಳಗ್ಗೆ ಎಲ್ಲರನ್ನೂ ಕಪಾಟಿನ ಮುಂದೆ ನಿಲ್ಲಿಸಿದಳು.

"ಪ್ರಯೋಗಕ್ಕೆ ಮುಂಚೆ ಊಹೆ ಹೇಳ್ಬೇಕು," ಎಂದಳು. "ಆಮೇಲೆ ಹೇಳಿದ್ರೆ ಮೋಸ ಆಗುತ್ತೆ. ಬ್ರೆಡ್ ಕೆಡಿಸಿದ್ದು ಇವಳ ಕೈಯಲ್ಲ. ನನ್ನ ಕೈ."

"ನೀನು ಹಿಟ್ಟೇ ಮುಟ್ಟಿರಲಿಲ್ಲವಲ್ಲೇ, ನಿನ್ನೆ ಬಿಟ್ರೆ," ಎಂದರು ಅತ್ತೆ.

"ಬಾಗಿಲು ಮುಟ್ಟಿದೆ ಅತ್ತೆ. ಗಳಿಗೆಗೊಂದು ಸಲ ತೆಗೆದು ನೋಡಿದೆ. ಬಿಸಿಯೆಲ್ಲ ಹೊರಗೆ ಹೋಯ್ತು."

ಅತ್ತೆ ಕಪಾಟನ್ನು ನೋಡಿದರು, ಸೊಸೆಯನ್ನು ನೋಡಿದರು. "ಬಾಣಂತಿ ಕೋಣೆಗೆ ಹಾಗೆ ಇಣುಕ್ತಾರೇನೇ ಯಾರಾದರೂ?" ಎಂದರು. ಅವರ ಬೇಕರಿಯಲ್ಲಿ ಹಾಗೆ ಇಣುಕುವವರು ಯಾರೂ ಇರಲಿಲ್ಲವಾದ್ದರಿಂದ, ಇಣುಕಬಾರದು ಎಂದು ಯಾರಿಗೂ ಹೇಳಿಕೊಡುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ಆ ದಿನ ಹಿಟ್ಟು ನಾದಿದವಳು ನಾದಿನಿ. ಈಸ್ಟ್, ನೀರು, ಉಪ್ಪು ಎಲ್ಲ ನಿನ್ನೆಯದೇ ಅಳತೆ. ಬದಲಾದದ್ದು ಬಾಗಿಲು ಒಂದೇ. ಅಚ್ಚುಗಳು ಒಳಗೆ ಹೋದ ಮೇಲೆ ಗಂಡ ವ್ಯಾನಿನ ಹಿಂಬಾಗಿಲ ಬೀಗ ತಂದು ಕಪಾಟಿಗೆ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. "ನಿನ್ನ ನಂಬೋಕಾಗಲ್ಲ," ಎಂದು ನಕ್ಕ.

ಟೀಚರ್ ಸ್ಟೂಲಿನ ಮೇಲೆ ಕೂತಳು. ಎದ್ದಳು. ಕೂತಳು. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಒಳಗೆ ಹಿಟ್ಟು ಏಳುತ್ತಿದೆಯೋ, ಕೂತಿದೆಯೋ? ಊಹೆ ತಪ್ಪಾಗಿದ್ದರೆ? ನಿಜವಾಗಿಯೂ ಕೈಯದ್ದೇ ಆಗಿದ್ದರೆ, ಈ ಹುಡುಗಿಗೆ ತಾನೇ ಟಿಕೆಟ್ ಕೊಡಿಸಿದಂತಾಗುತ್ತದೆ. ಮೈಯೆಲ್ಲ ತುರಿಸಿದಂತಾಯಿತು. ಮಕ್ಕಳಿಗೆ ಹಾಡಿಸುತ್ತಿದ್ದ ಐದು ಮಾತುಗಳಲ್ಲಿ ಇದು ಎಲ್ಲಿತ್ತು? ಪರೀಕ್ಷಿಸು ಎಂದು ಬರೆಸಿದ್ದಳು. ಪರೀಕ್ಷೆ ಎಂದರೆ ಬಹುಪಾಲು ಕೈಕಟ್ಟಿ ಕೂರುವುದು, ಉತ್ತರ ತನಗೆ ಬೇಡವಾದದ್ದೇ ಬಂದರೂ ಬರಲಿ ಎಂದು ಕೂರುವುದು, ಅದನ್ನು ಬರೆಸಿರಲಿಲ್ಲ. ಬರೆಸಲು ಅವಳಿಗೂ ಗೊತ್ತಿರಲಿಲ್ಲ.

"ತಾಳಿದವರು ಬಾಳಿಯಾರು," ಎಂದರು ಅತ್ತೆ, ಗಲ್ಲಾದಿಂದ.

"ಸುಮ್ಮನಿರಿ ಅತ್ತೆ," ಎಂದಳು ಟೀಚರ್.

ಭಟ್ಟಿ ಹದಕ್ಕೆ ಬಂತು, ಬೀಗ ತೆಗೆದರು. ಹಿಟ್ಟು ಅಚ್ಚಿನ ಅಂಚು ದಾಟಿ ಗುಮ್ಮಟದಂತೆ ಎದ್ದು ನಿಂತಿತ್ತು. ಬ್ರೆಡ್ ಆಗಿ ಬಂದಾಗ ಬೋರಲು ಹಾಕಿದರೆ ಸದ್ದೇ ಬರಲಿಲ್ಲ. ಅತ್ತೆ ಎಡಗೈಯಲ್ಲಿ ಮಗಳ ತಲೆ ಸವರಿದರು. ತಪ್ಪಾಯಿತು ಎನ್ನಬೇಕಿತ್ತು, ಆದರೆ ಅಂಥವರಿಗೆ ಅದು ಬರುವುದಿಲ್ಲ.

"ಸರಿ, ಮುಗೀತಲ್ಲ," ಎಂದ ಗಂಡ.

"ಮುಗಿದಿಲ್ಲ," ಎಂದಳು ಟೀಚರ್. "ನಾಳೆ ಬೇಕು ಅಂತಲೇ ಬಾಗಿಲು ತೆಗೀತೀನಿ. ಬ್ರೆಡ್ ಕೆಡಬೇಕು."

"ತಲೆ ಕೆಟ್ಟಿದೆಯೇನೇ ನಿನಗೆ? ಶನಿವಾರದ ವ್ಯಾಪಾರ. ಸರಿಹೋಗಿದ್ದನ್ನ ಯಾರಾದರೂ ಕೆಡಿಸ್ತಾರಾ?"

ಟೀಚರ್ ನಾದಿನಿಯತ್ತ ತಿರುಗಿದಳು. "ನೀನು ಹೇಳು. ಇವತ್ತು ಯಾಕೆ ಸರಿಯಾಯ್ತು?"

ನಾದಿನಿ ತಡೆದು ತಡೆದು ಹೇಳಿದಳು, "ಇವತ್ತು... ಶುಕ್ರವಾರ ಚೆನ್ನಾಗಿತ್ತು ಅಂತಲೋ ಏನೋ."

"ಕೇಳಿದ್ರಾ?" ಎಂದಳು ಟೀಚರ್. ಅತ್ತೆ ಮಗಳನ್ನು ನೋಡಿ, "ಕೆಡಿಸು," ಎಂದರು.

ಶನಿವಾರ ಅದೇ ಕೈ, ಅದೇ ಹಿಟ್ಟು. ಟೀಚರ್ ಇಷ್ಟು ದಿನ ಮಾಡುತ್ತಿದ್ದಂತೆಯೇ ಕಪಾಟು ತೆಗೆದಳು, ಮುಚ್ಚಿದಳು. ಕನ್ನಡಕ ಒರೆಸಿಕೊಂಡಳು, ತೆಗೆದಳು. ಈ ಸಲ ನಾದಿನಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಥರ್ಮಾಮೀಟರನ್ನು ಅವಳಿಂದಲೇ ಓದಿಸಿದಳು. ಪ್ರತಿ ಸಲವೂ ಇಳಿಯುತ್ತಾ ಹೋಗುವುದನ್ನು ಹುಡುಗಿ ತನ್ನ ಕಣ್ಣಾರೆ ಕಂಡಳು. ಭಟ್ಟಿಯಿಂದ ಬಂದ ಬ್ರೆಡ್ಡುಗಳನ್ನು ಬೋರಲು ಹಾಕಿದರು.

ದೊಪ್.

ನಾದಿನಿ ಒಂದನ್ನು ಎತ್ತಿಕೊಂಡಳು. ಮುರಿದು, ಗಟ್ಟಿಯಾದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಕೆಟ್ಟ ಬ್ರೆಡ್ ನೋಡಿ ಅವಳು ಕೈ ತೊಳೆಯಲು ನಲ್ಲಿಯತ್ತ ಹೋಗದೆ ಇದ್ದದ್ದು ಅದೇ ಮೊದಲು.

"ಅತ್ತಿಗೆ."

"ಏನು?"

"ಅಲ್ಲೂ ಯಾರೋ ಬಾಗಿಲು ತೆಗೀತಾ ಇದ್ರು ಅನ್ಸುತ್ತೆ."

ಟೀಚರಿಗೆ ಕಣ್ಣು ತುಂಬಿತು. ಹಬೆ ಎಂದು ನೆಪ ಹೇಳೋಣವೆಂದರೆ ಕಪಾಟು ಮುಚ್ಚಿತ್ತು. ಕನ್ನಡಕ ತೆಗೆದು, "ಅದು ಊಹೆ ಅಷ್ಟೇ," ಎಂದಳು. "ಪರೀಕ್ಷೆ ಮಾಡ್ಬೇಕಂದ್ರೆ ನೀನು ವಾಪಸ್ ಹೋಗ್ಬೇಕಾಗುತ್ತೆ."

"ಬೇಡ ಬಿಡಿ," ಎಂದಳು ನಾದಿನಿ, ಇನ್ನೊಂದು ಚೂರು ಮುರಿಯುತ್ತಾ. "ಒಂದು ಊಹೆ ಊಹೆಯಾಗೇ ಇರಲಿ."

ಭಾನುವಾರದ ಬಸ್ಸು ಬೇಕರಿಯ ಮುಂದೆಯೇ ಹಾರ್ನ್ ಹೊಡೆಯುತ್ತಾ ಹೋಗುತ್ತದೆ. ಆ ದಿನವೂ ಹೋಯಿತು. ಅಚ್ಚುಗಳು ಆಗ ತಾನೇ ಒಳಗೆ ಹೋಗಿದ್ದವು, ಕಪಾಟಿಗೆ ಬೀಗವಿರಲಿಲ್ಲ. ಟೀಚರ್ ಎರಡು ಸುತ್ತು ಹಾಕಿದಳು. ಮೂರನೆಯ ಸುತ್ತಿಗೆ ಅವಳ ಕೈ ತನಗೆ ತಾನೇ ಬಾಗಿಲ ಚಿಲಕದ ಮೇಲೆ ಹೋಗಿ ಕೂತಿತು.

ಹಿಟ್ಟು ಮೆತ್ತಿದ ಕೈಯೊಂದು ಅದರ ಮೇಲೆ ಚಟ್ಟೆಂದು ಬಿತ್ತು.

"ಅತ್ತಿಗೆ," ಎಂದಳು ನಾದಿನಿ, "ಇದು ನನ್ನ ಬೇಕರಿ. ಹೋಗಿ ಅಲ್ಲಿ ಕೂತ್ಕೊಳ್ಳಿ."

ಟೀಚರ್ ಹೋಗಿ ಕೂತಳು.